ಫ್ರಿಜ್‌ನಿಂದ ಮಾಯವಾದ ಒಂದು ಕಿಲೋ

ಶನಿವಾರ ಬೆಳಗ್ಗೆ ಫ್ರಿಜ್‌ನಿಂದ ಮಾಂಸದ ಡಬ್ಬಿ ತೆಗೆದ ಅಗ್ನಿಶಾಮಕ ದಳದವನು ಅಲ್ಲೇ ನಿಂತುಬಿಟ್ಟ. ಒಂದು ಕಿಲೋ ಇನ್ನೂರು ಗ್ರಾಂ ಇರಬೇಕಿತ್ತು. ತಕ್ಕಡಿ ತೋರಿಸಿದ್ದು ಬರೀ ಇನ್ನೂರು!

ಊಟಕ್ಕೆ ಮುನ್ನೂರು ಗ್ರಾಂ ಮಾಂಸ, ದಿನಕ್ಕೆರಡು ಊಟ—ವೈದ್ಯರು ಕೊಟ್ಟ ಪಟ್ಟಿಯನ್ನು ಅವನು ಒಂದಿಷ್ಟೂ ಮೀರಿರಲಿಲ್ಲ. ತಿಂಗಳೊಳಗೆ ತೂಕ ಇಳಿಯದಿದ್ದರೆ ಏಣಿ ಹತ್ತುವ ಕೆಲಸ ಹೋಗಿ ಫೋನ್ ಎತ್ತುವ ಕುರ್ಚಿಯೇ ಗತಿ. ಆದರೆ ತೂಕ ಒಂದು ವಾರ ಇಳಿಯುತ್ತಿತ್ತು, ಮರುವಾರ ಜಪ್ಪಯ್ಯ ಎಂದರೂ ಅಲುಗುತ್ತಿರಲಿಲ್ಲ. ಈಗ ಮಾಂಸವೂ ಮಾಯ!

ಆ ಗೊಂದಲದಲ್ಲಿ ಬಾಯಿ ಜಾರಿತು. “ಅಮ್ಮಾ, ನೀನೇನಾದ್ರೂ ತಗೊಂಡ್ಯಾ?”

ಅಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಧ್ಯಾಹ್ನ ಅಕ್ಕ ಬಂದಳು—ಮೂವತ್ತು ವರ್ಷ ಪೊಲೀಸ್ ಠಾಣೆಯಲ್ಲಿ ಕಳ್ಳರ ಬಾಯಿ ಬಿಡಿಸಿ ನಿವೃತ್ತಳಾದವಳು.

“ಅಂಗಡಿಯವನು ಕಡಿಮೆ ಕೊಟ್ನಾ?”

“ಇಲ್ಲಕ್ಕ. ಸೋಮವಾರ ಮನೇಲೇ ತೂಗಿದ್ದೆ. ನಾಲ್ಕು ಕಿಲೋ ಇನ್ನೂರು. ಏಳು ದಿನಕ್ಕೆ ಸರಿ.”

“ಹೋದ ವಾರ?”

“ಭಾನುವಾರದವರೆಗೂ ಬಂತು.”

“ಅಡುಗೆ ಯಾರದು?”

“ಹೋದ ವಾರ ಇವಳದು. ಈ ವಾರ ಇವಳಿಗೆ ನಿನ್ನೆವರೆಗೂ ಆಸ್ಪತ್ರೇಲಿ ಹಗಲು ಪಾಳಿ. ನಾನೇ ಮಾಡ್ಕೊಂಡೆ.”

ಬಾಗಿಲಿಗೆ ಒರಗಿದ್ದ ಹೆಂಡತಿ ತಲೆಯಾಡಿಸಿದಳು.

“ತೂಕ ಇಳೀದೇ ಇದ್ದ ವಾರಗಳಲ್ಲಿ?”

ಅವನು ಬೆರಳು ಮಡಿಚಿ ಎಣಿಸಿದ. ತಡವರಿಸಿದ. “ಅವೂ... ನಂದೇ. ಆಗ ಮಾಂಸ ಮುಗಿದ ಹಾಗೆ ತರ್ತಿದ್ದೆ, ಲೆಕ್ಕ ಇಟ್ಟಿರ್ಲಿಲ್ಲ. ಆದ್ರೆ ನಾನು ಒಂದು ಗ್ರಾಂ ಹೆಚ್ಚು ತಿಂದಿಲ್ಲ! ನಿನ್ನಾಣೆ!”

ಅಕ್ಕ ತಕ್ಕಡಿಯ ತಟ್ಟೆಯ ಮೇಲೆ ಬೆರಳಾಡಿಸಿದಳು. “ಇಲ್ಲಿ ಎಣ್ಣೆ ಜಿಡ್ಡು ಯಾಕೆ?”

“ಅಡುಗೆಮನೇಲಿ ಜಿಡ್ಡಿರಲ್ವಾ?”

“ಉಳಿದ ಇನ್ನೂರು ಗ್ರಾಂ ಬೇಯಿಸು. ದಿನಾ ಮಾಡೋ ಹಾಗೇ.”

ಅವನು ಬಾಣಲೆಯಲ್ಲಿ ಹುರಿದ. ರೂಢಿಯಂತೆ ತಂದು ತಕ್ಕಡಿಗೆ ಸುರಿದ. ನೂರೈವತ್ತು!

“ಐವತ್ತು ಗ್ರಾಂ ಯಾರು ತಿಂದ್ರು?”

“ಯಾರೂ ಇಲ್ಲ! ಮೂವರೂ ಇಲ್ಲೇ ಇದ್ದೀವಲ್ಲ?” ಅವನು ಬಾಣಲೆಯ ಕೆಳಗೂ ಬಗ್ಗಿ ನೋಡಿದ.

ಅಕ್ಕ ಹೆಂಡತಿಯತ್ತ ತಿರುಗಿದಳು. “ನೀನು ಯಾವಾಗ ತೂಗ್ತೀಯಮ್ಮ?”

“ಹಸಿಯಾಗಿದ್ದಾಗಲೇ, ಅತ್ತಿಗೆ. ಪಟ್ಟೀಲಿರೋದು ಹಸಿ ಮಾಂಸದ ತೂಕ ಅಲ್ವಾ?”

ಅಕ್ಕ ತಮ್ಮನತ್ತ ತಿರುಗಿದಳು. “ನೋಡು, ಬೆಂದಾಗ ನೀರು ಹೋಗುತ್ತೆ, ಕೊಬ್ಬು ಕರಗುತ್ತೆ. ನೀನು ಬೇಯಿಸಿದ್ಮೇಲೆ ತೂಗ್ತೀಯ. ಈ ಜಿಡ್ಡೇ ಸಾಕ್ಷಿ. ಬೆಂದ ಮುನ್ನೂರಕ್ಕೆ ಹಸೀದು ನಾನೂರು ಬೇಕು. ದಿನಕ್ಕೆ ಇನ್ನೂರು ಹೆಚ್ಚು—ಐದು ದಿನಕ್ಕೆಷ್ಟು?”

“ಒಂದು... ಕಿಲೋ.”

“ಕಳ್ಳ ನೀನೇ ಕಣೋ. ತಿಂದದ್ದೂ ನಿನಗೆ ಗೊತ್ತಿಲ್ಲ, ಅಷ್ಟೇ. ತೂಕ ಯಾಕೆ ಇಳೀಲಿಲ್ಲ ಅಂತ ಈಗ ಗೊತ್ತಾಯ್ತಾ?”

ಅವನು ಹೋಗಿ ಅಮ್ಮನ ಬಾಗಿಲು ತಟ್ಟಿದ.

“ಕಳ್ಳ ಸಿಕ್ಕಿದ್ನಾ?”

“ನಾನೇ ಅಮ್ಮ. ತಪ್ಪಾಯ್ತು.”

ಬಾಗಿಲು ತಳ್ಳಿದರೆ ಅಮ್ಮ ಮಂಚದ ಮೇಲೆ ಕೂತಿದ್ದಳು. “ಹಲ್ಲು ಹೋಗಿ ಅಗಿಯೋಕಾಗದೆ ನಾನು ಮಾಂಸ ಬಿಟ್ಟು ಎರಡು ವರ್ಷ ಆಯ್ತು. ಎದುರುಬದರು ಕೂತು ಉಣ್ತೀವಿ. ನೋಡ್ಲೇ ಇಲ್ವಾ ನೀನು?”

ಅವನು ಬಾಗಿಲಲ್ಲೇ ನಿಂತಿದ್ದ. ಕೊನೆಗೆ ಅಮ್ಮನೇ ಸ್ವಲ್ಪ ಸರಿದು ಮಂಚದ ಮೇಲೆ ಜಾಗ ಮಾಡಿಕೊಟ್ಟಳು.