ಚೀಲದೊಳಗೆ ಹಸಿಮೆಣಸಿನಕಾಯಿ

"ರೀ, ಆ ಚೀಲ ಎಸೀಬ್ಯಾಡಿ!"

ಕವಿತ ಕೂಗಿದ ರಭಸಕ್ಕೆ ಗೋದಾಮಿನಲ್ಲಿ ಬೇಳೆ ತೂಗುತ್ತಿದ್ದವರೆಲ್ಲ ತಿರುಗಿ ನೋಡಿದರು.

ಗೂಡ್ಸ್ ಆಟೋ ಮೇಲೆ ನಿಂತಿದ್ದ ಹೊಸ ಡ್ರೈವರ್ ಚೀಲವನ್ನು ಎತ್ತಿದ ಕೈಯಲ್ಲೇ ಹಿಡಿದು ನಿಂತ. ಉಳಿದವೆಲ್ಲ ಪ್ಲಾಸ್ಟಿಕ್ ಚೀಲಗಳು. ಇದೊಂದೇ ಹಳೇ ಬಟ್ಟೆ ಚೀಲ.

"ಅಕ್ಕಿ ಬೇಳೆ ತಾನೆ ಮೇಡಮ್? ಒಳಗೆ ಮೊಟ್ಟೆ ಇಟ್ಟಂಗೆ ಆಡ್ತೀರಲ್ಲ!"

"ಅದು ಹೊಳಲು ಇಂದ್ರಮ್ಮಂದು. ಕೈಗೇ ಕೊಡ್ಬೇಕು. ಬಾಗ್ಲಲ್ಲಿ ಇಟ್ಟು ಬಂದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬ್ಯಾಡಿ!"

ಅವನು ನಕ್ಕ. "ಮಂಡ್ಯದಲ್ಲಿ ಬಿಸ್ಲೇ ಜಾಸ್ತಿ ಅಂದ್ಕಂಡಿದ್ದೆ. ನಿಮ್ಮ ಮುಂದೆ ಅದೂ ತಂಪು."

ಹೀಗೆ ಪೂರಿಗಾಲಿಯ ಯತೀಶ ಕವಿತಳಿಗೆ ಗುರುತಾದ. ಕೈಲಾಗದ ಬಡ ಮುದುಕರಿಗೆ ತಿಂಗಳಿಗೊಮ್ಮೆ ದಿನಸಿ ಕೊಡುವ ಟ್ರಸ್ಟ್ ಅದು. ಅವಳು ಚೀಲ ತುಂಬುವವಳು, ಅವನು ಹಂಚಿ ಬರುವವನು.

ಆ ಬಟ್ಟೆ ಚೀಲಕ್ಕೊಂದು ಕತೆಯಿತ್ತು.

ಹೊಳಲು ಕವಿತಳ ಗಂಡನ ಊರು. ಅವನು ಇನ್ನೊಬ್ಬಳನ್ನು ಕರೆತಂದ ದಿನ ಇವಳ ಸೀರೆಗಳನ್ನೆಲ್ಲ ಬೀದಿಗೆ ಬಿಸಾಡಿದ. ಬೀದಿಯವರು ಕಿಟಕಿಯಲ್ಲಿ ನಿಂತು ನೋಡಿದರು. ನೋಡೋಕೆ ಎಲ್ಲರಿಗೂ ಕಣ್ಣಿದ್ದವು, ಬಾಯಿ ಒಬ್ಬರಿಗೂ ಇರಲಿಲ್ಲ!

ಅದೇ ಬೀದಿಯ, ಹಿಂದೆ ಮುಂದೆ ಯಾರೂ ಇಲ್ಲದ ಇಂದ್ರಮ್ಮ ಒಬ್ಬಳೇ ಬಂದಳು. ಸೀರೆಗಳ ಧೂಳು ಕೊಡವಿ, ಮಡಿಸಿ, ತನ್ನ ಚೀಲಕ್ಕೆ ತುಂಬಿದಳು. ಮೇಲೆ ಒಂದು ಚೂರು ಬೆಲ್ಲ ಇಟ್ಟಳು.

"ಬಾಯಿಗೆ ಹಾಕ್ಕೊ ಕಣಮ್ಮಿ. ತಲೆ ತಗ್ಗಿಸ್ಕಂಡು ಬಸ್ಸು ಹತ್ತಬ್ಯಾಡ."

ಅಂದು ಬಸ್ಸು ಹತ್ತಿದವಳು ನಿಡಘಟ್ಟದ ತವರು ಸೇರಿದಳು. ಮತ್ತೆ ಹೊಳಲಿಗೆ ಕಾಲಿಡಲಿಲ್ಲ. ಇಂದ್ರಮ್ಮನ ಹೆಸರನ್ನು ಟ್ರಸ್ಟಿಗೆ ಬರೆಸಿದವಳು ಅವಳೇ. ದಿನಸಿ ಕಳಿಸುತ್ತಿದ್ದುದೂ ಅದೇ ಚೀಲದಲ್ಲೇ.

ಇಂದ್ರಮ್ಮ ಚೀಲವನ್ನು ಬರಿದಾಗಿ ವಾಪಸ್ ಕೊಟ್ಟವಳಲ್ಲ. ಕೊಟ್ಟ ಪಾತ್ರೆಯನ್ನಾಗಲಿ ಚೀಲವನ್ನಾಗಲಿ ಬರಿದಾಗಿ ಹಿಂತಿರುಗಿಸಬಾರದು ಅನ್ನುವವಳು. ತಳದಲ್ಲಿ ಬೆಲ್ಲದ ಚೂರೊಂದು ಇದ್ದೇ ಇರುತ್ತಿತ್ತು.

ಕವಿತ ಚೀಲಕ್ಕೆ ಕೈ ಹಾಕುವಾಗ ಯತೀಶ ಅಲ್ಲೇ ನಿಂತು ನೋಡುತ್ತಿದ್ದ.

"ಬಂದು ಮಕ ತೋರ್ಸು ಅಂತಾಳೆ ಅವ್ವ."

"ಮುಂದಿನ ತಿಂಗಳು ಬತ್ತೀನಿ ಅನ್ನಿ."

"ನಿಮ್ಮ ಮುಂದಿನ ತಿಂಗಳು ಬರೋ ಹೊತ್ಗೆ ಅವ್ವಂಗೆ ಹೊಸ ಹಲ್ಲೇ ಹುಟ್ತವೆ!"

ಅವಳು ನಗುತ್ತಿದ್ದಳು. ನಕ್ಕು ಎಷ್ಟು ಕಾಲವಾಗಿತ್ತೋ... ಬರಬರುತ್ತ ಅವಳು ಕಾಯುತ್ತಿದ್ದುದು ಬೆಲ್ಲಕ್ಕೋ, ಅದನ್ನು ತರುವವನಿಗೋ ಅವಳಿಗೇ ತಿಳಿಯದಾಯಿತು.

ಆಮೇಲೆ ಏನಾಯಿತೋ, ಯತೀಶನ ಮಾತು ನಿಂತಿತು. ಚೀಲ ಕೊಡುತ್ತಿದ್ದ, ಮುಖ ತಿರುಗಿಸುತ್ತಿದ್ದ. 'ಗಂಡ ಬಿಟ್ಟವಳು ಅಂತ ಯಾರೋ ಹೇಳಿರಬೇಕು. ಇವನೂ ಅಷ್ಟೇ...' ಅಂದುಕೊಂಡಳು ಕವಿತ. ಬಾಯಿಬಿಟ್ಟು ಕೇಳಲು ಸ್ವಾಭಿಮಾನ ಬಿಡಲಿಲ್ಲ.

ಒಂದು ದಿನ ಚೀಲಕ್ಕೆ ಕೈ ಹಾಕಿದವಳು ಬೆಚ್ಚಿದಳು.

ಬೆಲ್ಲವಿರಲಿಲ್ಲ. ಒಂದು ಹಿಡಿ ಹಸಿಮೆಣಸಿನಕಾಯಿ!

ಉಪ್ಪು, ಮೆಣಸಿನಕಾಯಿ ಯಾರ ಕೈಗೂ ಕೊಡಬಾರದು, ಜಗಳ ಹುಟ್ಟುತ್ತೆ ಅನ್ನುತ್ತಿದ್ದವಳು ಇಂದ್ರಮ್ಮ. ಹೊಳಲಿನಲ್ಲಿ ಸೊಸೆಯಾಗಿದ್ದಾಗ ಕವಿತ ಸಾಲ ಕೇಳಿದರೂ ನೆಲದ ಮೇಲಿಟ್ಟು "ಎತ್ಕೋ" ಅನ್ನುತ್ತಿದ್ದಳು.

"ಇದು ಅವ್ವ ಇಟ್ಟಿದ್ದಲ್ಲ."

ಯತೀಶ ನೆಲ ನೋಡಿದ.

"ಗಾಡಿ ಹತ್ತಿ. ನಡೀರಿ ಹೊಳಲಿಗೆ!"

ಗಾಡಿ ಹೊಳಲು ಸೇರಿತು. ಇಂದ್ರಮ್ಮನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಪಕ್ಕದ ಮನೆಯ ಮುದುಕಿ ಚಲುವಮ್ಮ ಕೋಲೂರಿಕೊಂಡು ಬಂದಳು.

"ಕವಿತನಾ? ಈಗ ಬಂದ್ಯಾ ಕಣಮ್ಮಿ... ಇಂದ್ರಕ್ಕ ಯುಗಾದಿಗೂ ಮುಂಚೇನೇ ವೊಂಟೋದ್ಲಲ್ಲ!"

ಕವಿತ ಯತೀಶನ ಕಡೆ ತಿರುಗಿದಳು. ಯುಗಾದಿ ಕಳೆದು ಎಷ್ಟು ಸಲ ಚೀಲ ಬಂದಿತ್ತು! ಎಷ್ಟು ಸಲ ಬೆಲ್ಲ ತಿಂದಿದ್ದಳು!

"ಸತ್ತೋಳ ಹೆಸರಲ್ಲಿ ನಂಗೆ ಬೆಲ್ಲ ತಿನ್ನಿಸಿದ್ರಾ? ನಾನು ಮುಂದಿನ ತಿಂಗಳು ಬತ್ತೀನಿ ಅಂತಿದ್ರೆ ಕೇಳ್ಕಂಡು ನಿಂತಿದ್ರಾ?"

"ಕವಿತ, ಒಂದ್ನಿಮಿಷ..."

"ಚೀಲ ಚೀಲ ದಿನಸಿ ಏನ್ಮಾಡಿದ್ರಿ? ಮಾರ್ಕಂಡ್ರಾ?"

ಯತೀಶನ ಮುಖದಲ್ಲಿ ರಕ್ತವೇ ಇಳಿದುಹೋಯಿತು.

ಅವಳು ಬರಿ ಚೀಲವನ್ನು ಅವನ ಕಾಲ ಬಳಿ ಎಸೆದು, ಚಲುವಮ್ಮ ಕೂಗುತ್ತಿದ್ದರೂ ಕೇಳದೆ ಬಸ್ಸಿಗೆ ಓಡಿದಳು.

ಮರುದಿನದಿಂದ ಯತೀಶ ಕೆಲಸಕ್ಕೆ ಬರಲಿಲ್ಲ. ಬೇರೆ ಡ್ರೈವರ್ ಬಂದ. ಅವನು ಚೀಲಗಳನ್ನು ಹೇಗೆ ಎಸೆದರೂ ಕವಿತ ಕೂಗಲಿಲ್ಲ. ಯಾರಿಗಾಗಿ ಕೂಗಬೇಕು? 'ಬಂದು ಮಕ ತೋರ್ಸು' ಅಂದವಳಿಗೆ ಮುಖ ತೋರಿಸದ ಪಾಪ ಒಂದು ಕಡೆ... ನಂಬಿದವನು ಸುಳ್ಳಾದ ಉರಿ ಇನ್ನೊಂದು ಕಡೆ...

ಒಂದು ಬೆಳಗ್ಗೆ ಚಲುವಮ್ಮ ಬಸ್ಸಿಳಿದು, ಕೇಳಿ ಕೇಳಿಕೊಂಡು ಗೋದಾಮಿಗೇ ಬಂದಳು. ಬಟ್ಟೆ ಚೀಲವನ್ನು ಕವಿತಳ ಮುಂದೆ ಕುಕ್ಕಿದಳು.

"ಬಾಯಿ ಜೋರು ಮಾಡ್ಕಂಡು ಓಡೋದಲ್ಲ, ಕಿವಿ ಇರ್ನಿಲ್ವಾ ನಿಂಗೆ? ಆ ದಿನಸಿ ತಿಂದೋಳು ನಾನು! ಕಾಗದಪತ್ರ ಇಲ್ಲ ಅಂತ ನಿಮ್ಮ ಟ್ರಸ್ಟು ನನ್ನ ಸೇರಿಸ್ಕಳ್ನಿಲ್ಲ. ಆ ಹುಡ್ಗ ತಂದು ಬಾಯ್ಗೆ ಹಾಕ್ದ."

ಕವಿತ ಚೀಲ ಎತ್ತಿಕೊಂಡಳು.

"ಇಂದ್ರಕ್ಕನ ತಲೆ ತೊಡೆ ಮೇಲಿಟ್ಕಂಡು ನೀರು ಬಿಟ್ಟೋನೂ ಅವ್ನೇ. 'ಆ ಹೆಣ್ಣಿಗೆ ಬರಿ ಚೀಲ ಕಳಿಸ್ಬ್ಯಾಡ ಕಣ್ಲಾ' ಅಂದೇ ಪ್ರಾಣ ಬುಟ್ಲು. ಅಂಗಡೀಲಿ ಬೆಲ್ಲ ಕೊಂಡು ಆಕ್ಲಾ ಅಂದೆ. 'ಅವ್ವನ ಮನೇದೇ ಆಗ್ಬೇಕು' ಅಂದ. ಕುಡಿಕೇಲಿದ್ದ ಬೆಲ್ಲ ಮುಗೀತು. ಇತ್ಲಲ್ಲಿ ಅವಳು ನೆಟ್ಟ ಮೆಣಸಿನ ಗಿಡ ಒಂದೇ ಉಳೀತು. ಇನ್ನೇನು ಆಕ್ತಾನೆ ಪಾಪದೋನು?"

"ಈಗ... ಎಲ್ಲಿದ್ದಾರೆ ಅವರು?"

"ಕೆಲ್ಸ ಬುಟ್ರೂ ಆ ಗಿಡಕ್ಕೆ ನೀರು ಉಯ್ಯಾಕೆ ಬತ್ತಾನೆ. ಓಗು."

ಕವಿತ ಹೊಳಲಿನಲ್ಲಿ ಇಳಿದಳು. ತನ್ನ ಸೀರೆ ಬಿದ್ದಿದ್ದ ಬೀದಿಯಲ್ಲೇ ತಲೆ ತಗ್ಗಿಸದೆ ನಡೆದಳು. ಹಳೇ ಗಂಡನ ಮನೆಯ ಕಿಟಕಿ ತೆರೆದಿತ್ತೋ ಮುಚ್ಚಿತ್ತೋ, ನೋಡಲಿಲ್ಲ.

ಇಂದ್ರಮ್ಮನ ಹಿತ್ತಲಲ್ಲಿ ಯತೀಶ ಚೊಂಬು ಹಿಡಿದು ಬಗ್ಗಿದ್ದ.

"ಅಷ್ಟು ನೀರು ಉಯ್ದ್ರೆ ಗಿಡ ಕೊಳೀತದೆ," ಅಂದಳು.

ಅವನು ತಿರುಗಿದ. ಸೊರಗಿಹೋಗಿದ್ದ.

"ಯಾಕೆ ಹೇಳ್ಳಿಲ್ಲ ಯತೀಶ್?"

"ಪ್ರತಿ ಸಲ ಹೇಳೋಣ ಅಂತ್ಲೇ ಬತ್ತಿದ್ದೆ. ನೀವು ಚೀಲಕ್ಕೆ ಕೈ ಹಾಕ್ದಾಗ ಒಂದ್ಸಲ ನಗ್ತಿದ್ರಿ... ಅದೊಂದನ್ನ ಕಿತ್ಕಳ್ಳಾಕೆ ನನ್ ಕೈಲಿ ಆಗ್ನಿಲ್ಲ. ತಪ್ಪು ನಂದೇ." ಅವನು ಚೊಂಬು ಕೆಳಗಿಟ್ಟ. "ಆದ್ರೆ ನೀವಂದ್ರೆ ನಂಗೆ ಪ್ರಾಣ. ಅದ್ರಲ್ಲಿ ಸುಳ್ಳಿಲ್ಲ."

ಅವಳಿಗೆ ಒಂದೇ ಮಾತು ಕೇಳಬೇಕಿತ್ತು.

"ಅವ್ವ... ನನ್ನ ಕಾದ್ಲಾ?"

ಅವನು ಅವಳ ಎದುರು ಬಂದು ನಿಂತ.

"ಇನ್ನು ನಿಮ್ಗೆ ಸುಳ್ಳು ಹೇಳಾಕಿಲ್ಲ. ಕಾದ್ಲು. ಕೊನೇವರ್ಗೂ ಬಾಗ್ಲು ಕಡೇನೇ ನೋಡ್ತಿದ್ಲು."

ಕವಿತ ಅಲ್ಲೇ ಗಿಡದ ಬುಡದಲ್ಲಿ ಕುಸಿದಳು. ಬೀದಿಗೆ ಬಿದ್ದ ದಿನವೂ ಅಷ್ಟು ಅತ್ತಿರಲಿಲ್ಲ. ಯತೀಶ ಪಕ್ಕದಲ್ಲಿ ಕೂತು ತಾನೂ ಅತ್ತ.

ಅಳು ಇಳಿದ ಮೇಲೆ ಅವಳು ಎದ್ದು, ಒಂದು ಹಿಡಿ ಮೆಣಸಿನಕಾಯಿ ಕಿತ್ತಳು. ನೆಲಕ್ಕಿಡಲಿಲ್ಲ. ಅವನ ಮುಂದೆ ಮುಷ್ಟಿ ಚಾಚಿದಳು.

"ಕೈಗೆ ಕೊಟ್ರೆ ಜಗಳ ಆಯ್ತದಂತೆ. ಜೀವ್ನ ಪೂರ್ತಿ ನನ್ ಜೊತೆ ಜಗಳ ಆಡಾಕೆ ಧೈರ್ಯ ಇದ್ರೆ ಕೈ ಒಡ್ಡಿ."

ಅವನು ಒದ್ದೆ ಅಂಗೈಗಳನ್ನು ಅಂಗಿಗೆ ಒರೆಸಿಕೊಂಡ. ಮೊದಲ ಸಲ 'ನೀವು' ಬಿಟ್ಟ.

"ಎರಡೂ ಒಡ್ಡಿದ್ದೀನಿ ಕಣಮ್ಮಿ. ಒಂದೂ ಉಳಿಸ್ಕಳ್ದೆ ಹಾಕು."