ಬಾಗಿಲು ತಟ್ಟದ ಪರಿಶೀಲನೆ

"ನಾನು ಸತ್ತು ಎಷ್ಟು ದಿನ ಆಯ್ತು?"

ಠಾಣೆಯ ಹೊಸ್ತಿಲಲ್ಲಿ ನಿಂತ ಮುದುಕಿ ಕೇಳಿದ್ದು ಯಾರನ್ನೂ ಅಲ್ಲ. ಎದುರು ಗೋಡೆಯ ಗಡಿಯಾರದ ಕಡೆ ನೋಡುತ್ತ ಕೇಳಿದಳು. ಹದಿನೈದನೇ ತಾರೀಖು, ಬೆಳಗ್ಗೆ ಹತ್ತು ನಲವತ್ತು.

"ಏನಜ್ಜಿ, ಬೆಳಗ್ಗೇನೇ ಅಪಶಕುನದ ಮಾತು?" ದಫೇದಾರ ನಕ್ಕ. ಅವನ ಮುಖದ ಮೇಲಿದ್ದ ನೀಲಿ ಮಾಸ್ಕು ಅವಳೇ ಹೊಲಿದದ್ದು. ಠಾಣೆಗೆಲ್ಲ ಹೊಲಿದುಕೊಟ್ಟವಳು ಅವಳೇ. ಅಲ್ಲಿ ಎಲ್ಲರಿಗೂ ಅವಳು ಮಾಸ್ಕಜ್ಜಿ.

"ಲಸಿಕೆ ಹಾಕಿಸ್ಕೊಳ್ಳೋಕೆ ಹೋಗಿದ್ದೆ ಕಣಪ್ಪ. ಕಂಪ್ಯೂಟರ್ ಹುಡುಗಿ ಹೆಸರು ಹಾಕಿ ನೋಡಿ, 'ಅಜ್ಜಿ, ನೀವು ತೀರ್ಕೊಂಡಿದ್ದೀರಿ' ಅಂದ್ಲು. ಸಾಲಲ್ಲಿ ಆರಡಿ ಬಿಟ್ಟು ನಿಂತಿದ್ದೋರು ಹನ್ನೆರಡಡಿ ಹಿಂದೆ ಹೋದ್ರು."

ಒಳಗಿದ್ದ ಇನ್ಸ್‌ಪೆಕ್ಟರ್ ಹೊರಬಂದರು. ದೂರು ಬರೆದುಕೊಳ್ಳುವ ಮೊದಲು ಗುರುತಿನ ಚೀಟಿ ಕೇಳಿದರು.

"ಚೀಟಿ ಮಗನ ಹತ್ರ ಇದೆ. ಲಸಿಕೆಗೆ ಹೆಸರು ಬರೆಸ್ತೀನಿ ಅಂತ ಹಿಂದಿನ ತಿಂಗಳು ಇಸ್ಕೊಂಡ." ಮುದುಕಿ ಅಷ್ಟಕ್ಕೇ ನಿಲ್ಲಿಸಿದಳು. ಬರೆಯಲು ಎತ್ತಿದ್ದ ಪೆನ್ನೂ ನಿಂತಿತು. ಅವಳೇ ಹೇಳಿದಳು, "ಬರ್ಕೊಳ್ಳಿ ಸಾಹೇಬ್ರೇ. ಹೇಳಿದ್ದು ಹೇಳಾಯ್ತು."

ಹನ್ನೊಂದೂಕಾಲಿಗೆ ಎಫ್‌ಐಆರ್ ದಾಖಲಾಯಿತು.

ಹನ್ನೆರಡು ಗಂಟೆಗೆ ಇನ್ಸ್‌ಪೆಕ್ಟರ್ ಮತ್ತು ದಫೇದಾರ ಪುರಸಭೆಯ ಜನನ ಮರಣ ವಿಭಾಗದಲ್ಲಿದ್ದರು. ಗುಮಾಸ್ತ ಗಾಜಿನ ಹಿಂದಿನಿಂದಲೇ ಕಡತ ತಳ್ಳಿದ. ಮೂರನೇ ತಾರೀಖು, ಮನೆಯಲ್ಲಿ ಸಹಜ ಮರಣ. ಅರ್ಜಿದಾರ: ಮಗ. ಉದ್ದೇಶ: ಹೆಂಡತಿಯ ಗಡಿ ಪ್ರವೇಶ.

"ಶವ ನೋಡಿದವರು ಯಾರು?"

"ಈ ಕಾಲದಲ್ಲಿ ಶವ ಯಾರು ನೋಡ್ತಾರೆ ಸಾರ್? ಮನೇಲಿ ಸತ್ರೆ ಪೊಲೀಸ್ ಪರಿಶೀಲನೆ ಬೇಕು. ಅದಿದೆ."

"ಎಲ್ಲಿ?"

"ಕೊನೇ ಹಾಳೆ."

ಕೊನೆಯ ಹಾಳೆಯಲ್ಲಿ ನಾಲ್ಕನೇ ತಾರೀಖಿನ ಮುದ್ರೆಯಿತ್ತು. 'ಖುದ್ದು ಮನೆಗೆ ಭೇಟಿ ನೀಡಿ, ನೆರೆಹೊರೆಯವರನ್ನು ವಿಚಾರಿಸಲಾಗಿ, ಮರಣ ದೃಢಪಟ್ಟಿರುತ್ತದೆ.' ಕೆಳಗೆ ದಫೇದಾರನ ಅಕ್ಷರ. ಅದರ ಕೆಳಗೆ ಇನ್ಸ್‌ಪೆಕ್ಟರ್ ಸಹಿ.

ಗುಮಾಸ್ತ ಗಾಜು ಒರೆಸತೊಡಗಿದ. ಅದು ಆಗಲೇ ಚೊಕ್ಕಟವಾಗಿತ್ತು.

ಜೀಪಿನಲ್ಲಿ ಕೂತ ಮೇಲೆ ಇನ್ಸ್‌ಪೆಕ್ಟರ್ ಕೇಳಿದರು, "ಹೋಗಿದ್ಯಾ?"

"ಇಲ್ಲ ಸಾರ್. ಫೋನ್ ಮಾಡಿದ್ದೆ. ಮಗ ಅಳ್ತಿದ್ದ. ಅಳೋನನ್ನ ಇನ್ನೇನಂತ ಕೇಳೋದು?"

"ಮಾಸ್ಕಜ್ಜಿ ಅಂತ ಗೊತ್ತಾಗ್ಲಿಲ್ವಾ?"

"ಕಾಗದದ ಮೇಲಿದ್ದ ಹೆಸರು ಯಾರಿಗೆ ಸಾರ್ ಗೊತ್ತು? ಅವತ್ತು ನಲವತ್ತು ಪರಿಶೀಲನೆ ಇತ್ತು. ನೀವೂ..."

ಇನ್ಸ್‌ಪೆಕ್ಟರ್ ಮಾಸ್ಕನ್ನು ಕಣ್ಣಿನ ಹತ್ತಿರದವರೆಗೂ ಎಳೆದುಕೊಂಡರು. ಒಳಹೊಲಿಗೆ ಮೂಗಿಗೆ ಹಿತವಾಗಿತ್ತು. ಎರಡು ಪದರ, ಒತ್ತೊತ್ತಾದ ಹೊಲಿಗೆ. ಕೆಲಸ ಮಾಡಿದವರು ಮನಸ್ಸಿಟ್ಟು ಮಾಡಿದ್ದರು.

ಮಧ್ಯಾಹ್ನ ಎರಡೂವರೆ, ಗಡಿ ಠಾಣೆ. ಗಡಿ ಮುಚ್ಚಿ ಎಂಟು ತಿಂಗಳಾಗಿತ್ತು. ವೀಸಾ ಇದ್ದವರೂ ಒಳಗೆ ಬರುವಂತಿರಲಿಲ್ಲ. ಗಂಡ ಅಥವಾ ಹೆಂಡತಿ, ತಂದೆತಾಯಿ, ಅತ್ತೆಮಾವ, ಮಕ್ಕಳು, ಇವರಲ್ಲಿ ಯಾರಾದರೂ ಸತ್ತಿದ್ದರೆ ಅಥವಾ ಸಾಯುವಂತಿದ್ದರೆ ಮಾತ್ರ ವಿನಾಯಿತಿ. ಆರನೇ ತಾರೀಖಿನ ಪುಸ್ತಕದಲ್ಲಿ ಒಂದು ನಮೂದು ಸಿಕ್ಕಿತು: ಗಂಡನ ಆಧಾರದ ಮೇಲೆ ಸಿಗುವ ಅವಲಂಬಿತ ವೀಸಾದ ಹೆಂಗಸು, ಕಾರಣ ಅತ್ತೆಯ ಮರಣ, ಹದಿನಾಲ್ಕು ದಿನ ಕ್ವಾರಂಟೈನ್.

ಕ್ವಾರಂಟೈನಿಗೆ ಶಾಲೆಯೊಂದನ್ನು ಹಿಡಿದಿದ್ದರು. ಸೊಸೆ ಕಬ್ಬಿಣದ ಗೇಟಿನ ಆಚೆ ನಿಂತಳು, ಇವರು ಈಚೆ. ತನ್ನ ತಂದೆಯ ಕಾಯಿಲೆಗೆಂದು ಗಡಿಯಾಚೆಯ ತವರಿಗೆ ಹೋದವಳು ಅಲ್ಲೇ ಸಿಕ್ಕಿಹಾಕಿಕೊಂಡಿದ್ದಳು.

"ನಿಮ್ಮ ಅತ್ತೆ ಬೆಳಗ್ಗೆ ನಮ್ಮ ಠಾಣೆಗೆ ಬಂದಿದ್ರು," ಎಂದರು ಇನ್ಸ್‌ಪೆಕ್ಟರ್.

"ಯಾರು?"

"ನಿಮ್ಮ ಅತ್ತೆ."

"ಇದ್ದಾರಾ?" ಅವಳು ಗೇಟು ಹಿಡಿದುಕೊಂಡಳು. "ಸಾರ್, ಅತ್ತೆ ಇದ್ದಾರಾ?" ಅವಳಿಗೆ ನಗು ಬಂತು, ತಡೆಯಲಾಗದ ನಗು. ಅದು ಹೇಗೆ ಬಂತೋ ಹಾಗೇ ಆರಿತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಗಡೀಲಿ ಎಲ್ಲರೆದುರಿಗೆ ಅತ್ತೆ ಅತ್ತೆ ಅಂತ ಅತ್ತಿದ್ದೀನಿ ಸಾರ್. ಒಬ್ಬ ಸಿಪಾಯಿ ತನ್ನ ಬಾಟ್ಲಿ ನೀರು ಕೊಟ್ಟ. ಇನ್ನು ಅವನ ಮುಖ ಹೆಂಗೆ ನೋಡ್ಲಿ?"

ದಫೇದಾರ ಹೇಳಿಕೆ ಬರೆದುಕೊಂಡ. ಅವಳಿಗೆ ವಿಷಯ ತಿಳಿದಿರಲಿಲ್ಲ ಎಂಬುದನ್ನು ಕೇಳಿಯೇ ತಿಳಿಯಬೇಕಿರಲಿಲ್ಲ.

ಸಂಜೆ ನಾಲ್ಕು ಗಂಟೆಗೆ ಅಕ್ಕಪಕ್ಕದ ಇಬ್ಬರನ್ನು ಪಂಚರಾಗಿ ಕರೆದು ಮುದುಕಿಯ ಮನೆಯ ಪಂಚನಾಮೆ ನಡೆಯಿತು. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಬಳಿ ಹೊಲಿಗೆ ಯಂತ್ರ. ಐದು ವರ್ಷದ ಮೊಮ್ಮಗಳು ಯಂತ್ರದ ಕೆಳಗೆ ಕೂತು ನೀಲಿ ಚಿಂದಿಗಳನ್ನು ಜೋಡಿಸುತ್ತಿದ್ದಳು. ಮಗನ ಅಂಗಿಯ ಜೇಬಿನಲ್ಲಿ ಗುರುತಿನ ಚೀಟಿ ಸಿಕ್ಕಿತು. ಮುದುಕಿ ಅದನ್ನು ಕೈಯಲ್ಲಿ ಮುಟ್ಟಲಿಲ್ಲ.

ಐದೂಕಾಲಿಗೆ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಗೇಟಿನಲ್ಲಿ ಮಗನನ್ನು ಬಂಧಿಸಿದರು. ಅವನು ಓಡಲಿಲ್ಲ. ಕೈಗೆ ಅಂಟಿದ್ದ ಗೋಂದನ್ನು ಪ್ಯಾಂಟಿಗೆ ಒರೆಸಿಕೊಂಡು ಜೀಪು ಹತ್ತಿದ.

"ತಾಯೀನೇ ಯಾಕೆ?" ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಕೇಳಿದರು.

"ಅರ್ಜೀಲಿ ಕೆಲವೇ ಸಂಬಂಧ ಇತ್ತು ಸಾರ್. ಹೆಂಡ್ತಿಯ ಅಪ್ಪ ಅಮ್ಮ ಗಡಿ ಆಚೇನೇ ಇದ್ದಾರೆ. ನಾನು ಸತ್ರೆ ಅರ್ಜಿ ಹಾಕೋರು ಯಾರು? ಮಗು ಹೆಸರು ಬರೆಯೋಕೆ ಕೈ ಏಳ್ಲಿಲ್ಲ. ಉಳಿದಿದ್ದು ಅಮ್ಮ."

"ಕೇಳಬಹುದಿತ್ತಲ್ಲ ಅವರನ್ನ."

"ಕೇಳಿದ್ರೆ ಹೂಂ ಅಂತಿದ್ಲು. ಅದಕ್ಕೇ ಕೇಳ್ಲಿಲ್ಲ." ಅವನು ತಲೆ ತಗ್ಗಿಸಿದ. "ಮಗಳು ಹೆತ್ತಮ್ಮನ್ನ 'ಫೋನ್ ಆಂಟಿ' ಅಂತ ಕರೀತಾಳೆ ಸಾರ್. ಹೋದ ತಿಂಗಳಿಂದ."

ದಫೇದಾರ ಆ ಮಾತನ್ನೂ ಬರೆದುಕೊಂಡ. ಹೇಳಿಕೆಗೆ ಅದು ಬೇಕಿರಲಿಲ್ಲ.

ಮರುದಿನ ಬೆಳಗ್ಗೆ ಹತ್ತಕ್ಕೆ ಮುದುಕಿಯನ್ನು ಮರುಹೇಳಿಕೆಗೆ ಕರೆಸಿದರು. ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು ಗಡಿ ಅಧಿಕಾರಿಗೆ ಬರೆದದ್ದು: ಸೊಸೆ ನಿರಪರಾಧಿ, ಅವಳ ಮಗು ಇಲ್ಲಿದೆ, ವಾಪಸು ಕಳಿಸದಿರಲು ಪರಿಗಣಿಸಬೇಕು. ಇನ್ನೊಂದು ಹೇಳಿಕೆಯ ಹಾಳೆ.

"ಅವಳನ್ನ ಕಳಿಸಿಬಿಡ್ತಾರಾ ಸಾಹೇಬ್ರೇ?"

"ಕಳಿಸಲೂಬಹುದು. ನನ್ನ ಕೈಲಾದದ್ದು ಬರೆದಿದ್ದೀನಿ."

ಇನ್ಸ್‌ಪೆಕ್ಟರ್ ಬಾಗಿಲು ಅರ್ಧ ಮುಚ್ಚಿ ಬಂದು ಕೂತರು. ಪೆನ್ನಿನ ಮುಚ್ಚಳ ತೆಗೆದು ಹಾಕಿದರು, ಮತ್ತೆ ತೆಗೆದರು.

"ಅಜ್ಜಿ, ಒಂದು ಸಾಲು ಸೇರಿಸ್ತೀರಾ? ನಾಲ್ಕನೇ ತಾರೀಖು ನಮ್ಮ ದಫೇದಾರ ಮನೆಗೆ ಬಂದಿದ್ದ, ನೀವು ಇರಲಿಲ್ಲ ಅಂತ. ಅವನಿಗೆ ಎರಡು ಮಕ್ಕಳಿವೆ." ಹೇಳಿಕೆಯ ಹಾಳೆಯನ್ನು ಅವಳತ್ತ ಸರಿಸಿ ಹೇಳಿದರು, "ನನ್ನ ಸಹಿಯೂ ಇದೆ."

ಮುದುಕಿ ಮೊದಲ ಕಾಗದದ ಮೇಲೆ ಬೆರಳಿಟ್ಟಳು. "ಆ ಸಾಲು ಬರೆಸಿದ್ರೇನಾ ಇದು ಹೋಗೋದು?"

ಇನ್ಸ್‌ಪೆಕ್ಟರ್ ಅವಳ ಮುಖ ನೋಡಲಾರದೆ ಅವಳ ಬೆರಳನ್ನೇ ನೋಡಿದರು. ಸೂಜಿ ಚುಚ್ಚಿ ಚುಚ್ಚಿ ಅದರ ತುದಿ ಗಟ್ಟಿಯಾಗಿತ್ತು.

"ಅಲ್ಲ. ಇದು ಹೇಗೂ ಹೋಗುತ್ತೆ."

ಮುದುಕಿ ಎದ್ದು ನಿಂತಳು.

"ಹೆತ್ತ ಮಗನ ಮೇಲೆ ಇದ್ದದ್ದು ಇದ್ದ ಹಾಗೆ ಹೇಳಿದ್ದೀನಿ. ನಿಮಗೆ ಬೇರೆ ಹೇಳಲ್ಲ ಸಾಹೇಬ್ರೇ. ಬರೆಸಲ್ಲ. ಅವತ್ತು ಯಾರೂ ಬಂದಿರಲಿಲ್ಲ. ಬಂದಿದ್ರೆ ನಾನೇ ಬಾಗಿಲು ತೆಗೀತಿದ್ದೆ."