ನನ್ನ ಹನ್ನೆರಡನೇ ಪ್ಯೂಪಾ ಎಲ್ಲಿ?

"ನನ್ನ ಹನ್ನೆರಡನೇ ಪ್ಯೂಪಾ ಎಲ್ಲಿ?"

ಬಾಗಿಲು ತಟ್ಟುವ ಸೌಜನ್ಯವನ್ನೂ ಮರೆತು ಅವಳು ಮೈಕ್ರೋಸ್ಕೋಪ್ ಕೋಣೆಗೆ ನುಗ್ಗಿದ್ದಳು. ಯಂತ್ರದ ಹಿಂಬದಿ ಮುಚ್ಚಳ ಬಿಚ್ಚಿ ಕೂತಿದ್ದವನು, ಬಾಯಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂಡ್ರೈವರ್ ತೆಗೆದು ತಲೆ ಎತ್ತಿದ.

"ನಾನೇ ತಗೊಂಡೆ."

ಅಷ್ಟೇ. ಗಾಬರಿಯಿಲ್ಲ, ಕ್ಷಮೆಯಿಲ್ಲ. ಅವಳ ಕಿವಿ ಬಿಸಿಯಾಯಿತು.

ಇಬ್ಬರೂ ಎದುರುಬದುರಾಗಿದ್ದು ಇದೇ ಮೊದಲು. ಈ ಕೋಣೆಗೆ ಅವಳು ಬೆಳಿಗ್ಗೆ ಬೇಗ ಬಂದು ಹೋಗುವವಳು, ಅವನು ಮಧ್ಯಾಹ್ನ ಬರುವವನು; ಇಂದು ಮಾತ್ರ ಬೇಗ ಬಂದಿದ್ದ. ಮೂರು ತಿಂಗಳ ಹಿಂದೆ ಹೊಸ ಮೈಕ್ರೋಸ್ಕೋಪ್ ಬಂತು, ಅದನ್ನು ನೋಡಿಕೊಳ್ಳಲು ಅವನು ಬಂದ. ಅವತ್ತಿಂದ ಇಬ್ಬರ ಜಗಳವೆಲ್ಲ ಆ ಕೋಣೆಯ ರಿಜಿಸ್ಟರ್‌ನಲ್ಲೇ ನಡೆದಿತ್ತು. 'ಬೆಳಕು ಕಡಿಮೆ ಮಾಡಿ' ಎಂದು ಅವನು ಬರೆಯುವುದು. ಅವಳು ಅದರ ಮೇಲೆ ಗೀಟೆಳೆದು 'ನಿಮ್ಮ ಕೆಲಸ ನೀವು ನೋಡಿಕೊಳ್ಳಿ' ಎಂದು ಬರೆಯುವುದು.

"ಕೊಡಿ," ಎಂದು ಅವಳು ಕೈ ಚಾಚಿದಳು.

"ಕೊಟ್ರೆ ಏನ್ ಮಾಡ್ತೀರಿ?"

"ಅದು ನಿಮಗ್ಯಾಕೆ?"

"ಮಿಷಿನ್ ಕೆಳಗೆ ಇಡ್ತೀರಿ. ಬೆಳಕನ್ನ ನಲವತ್ತಕ್ಕೆ ಇಡ್ತೀರಿ. ಮೂರನೇ ದಿನ ಅದೂ ಸಾಯುತ್ತೆ. ಅದಕ್ಕೇ ಕೊಡಲ್ಲ. ನಾಳೆವರೆಗೆ ಬಿಡಿ, ಒಂದು ವಿಷಯ ನೋಡಬೇಕು ನಾನು."

'ಅದೂ ಸಾಯುತ್ತೆ'... ಬೇರೆ ಯಾವ ಮಾತು ಹೇಳಿದ್ದರೂ ಅವಳು ಸಹಿಸುತ್ತಿದ್ದಳೇನೋ.

ಅವಳ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ನರಕ. ಚಿಟ್ಟೆ ಮುಟ್ಟಿದರೆ ಬೆರಳಿಗೆ ಬಣ್ಣದ ಪುಡಿ ಅಂಟುತ್ತದಲ್ಲ, ಅದು ಪುಡಿಯಲ್ಲ, ಒಂದೊಂದೂ ಪುಟ್ಟ ಹುರುಪೆ. ಹುಳ ಚಿಟ್ಟೆಯಾಗುವ ಮುಂಚೆ ಚಿಪ್ಪಿನೊಳಗೆ ಮಲಗಿರುತ್ತದೆ, ಅದೇ ಪ್ಯೂಪಾ. ಆ ಹುರುಪೆಗಳು ಹುಟ್ಟುವುದೂ ಆಗಲೇ. ಅವಳು ಬ್ಲೇಡಿನಿಂದ ರೆಕ್ಕೆಯ ಮೇಲಿನ ಚಿಪ್ಪನ್ನು ಎಳ್ಳಿನಷ್ಟು ಕತ್ತರಿಸಿ, ಗಾಜಿನ ಚೂರು ಅಂಟಿಸಿ, ಒಂದು ಕಿಟಕಿ ಮಾಡುತ್ತಿದ್ದಳು. ಆಮೇಲೆ ಹತ್ತು ನಿಮಿಷಕ್ಕೊಂದು ಫೋಟೋ, ಚಿಟ್ಟೆ ಹೊರಬರುವವರೆಗೂ. ಪ್ಯೂಪಾ ಬದುಕಿರಬೇಕು, ಅಷ್ಟೇ ಷರತ್ತು.

ಹನ್ನೊಂದು ಸತ್ತಿದ್ದವು. ಎಲ್ಲವೂ ಮೂರನೇ ದಿನ.

"ನಿನ್ನ ಕೈ ಭಾರ ಕಣಮ್ಮ," ಎಂದಿದ್ದರು ಪ್ರೊಫೆಸರ್. ಮಿಷಿನ್ನಿನದೇ ಏನಾದರೂ ದೋಷವಿರಬಹುದೇ ಎಂದು ಅವಳು ಮೆಲ್ಲಗೆ ಕೇಳಿದ್ದಕ್ಕೆ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದು ನಕ್ಕಿದ್ದರು. ಶನಿವಾರದೊಳಗೆ ಒಂದಾದರೂ ಉಳಿಯದಿದ್ದರೆ ಈ ಕೆಲಸ ಇನ್ನೊಬ್ಬ ವಿದ್ಯಾರ್ಥಿಗೆ ಹೋಗುತ್ತದೆ, ಎರಡು ವರ್ಷದ ಅವಳ ದುಡಿಮೆ ನೀರಲ್ಲಿ ಹೋಮ.

ಉಳಿದಿದ್ದು ಎರಡೇ. ಸೋಮವಾರ ಎರಡಕ್ಕೂ ಕಿಟಕಿ ಮಾಡಿ, ಹದಿಮೂರನೆಯದನ್ನು ಮಿಷಿನ್ ಕೆಳಗಿಟ್ಟಿದ್ದಳು. ಗುರುವಾರವಾದ ಇಂದು ಬೆಳಿಗ್ಗೆ ಅದು ಕಪ್ಪಾಗಿತ್ತು. ಹನ್ನೆರಡನೆಯದನ್ನು ತರಲು ಹೋದರೆ ತಟ್ಟೆ ಖಾಲಿ.

"ನಿಮ್ಮ ದೀಪ ಸವೆಯುತ್ತೆ ಅಂತ ನನ್ನ ಪ್ಯೂಪಾ ಕದಿಯೋದಾ? ಮಿಷಿನ್ ಮೇಲೆ ಇರೋ ಕಾಳಜಿ ಮನುಷ್ಯರ ಮೇಲೆ ಇಲ್ವಾ ನಿಮಗೆ?"

ಅವನು ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ. ಪುಣ್ಯಾತ್ಮನಿಗೆ ಬರೆಯಲು ಬರುತ್ತಿತ್ತು, ಬಾಯಿ ಬಿಡಲು ಬರುತ್ತಿರಲಿಲ್ಲ.

ಅವಳು ನೇರವಾಗಿ ಪ್ರೊಫೆಸರ್ ಕೋಣೆಗೆ ಹೋಗಿ ದೂರು ಬರೆದುಕೊಟ್ಟಳು.

"ಕಂಡವರ ಸ್ಯಾಂಪಲ್ ಮುಟ್ಟೋರು ನಮಗೆ ಬೇಡ," ಎಂದರು ಪ್ರೊಫೆಸರ್. "ಹೇಗೂ ನಾಳೆಗೆ ಅವನ ಮೂರು ತಿಂಗಳ ಕರಾರು ಮುಗಿಯುತ್ತೆ. ಮುಂದುವರಿಸಲ್ಲ."

ಗೆದ್ದಿದ್ದಳು. ಖುಷಿ ಮಾತ್ರ ಯಾಕೋ ಬರಲಿಲ್ಲ.

ಸಂಜೆ ಅಕ್ಕನಿಗೆ ಫೋನ್ ಮಾಡಿ ಒಂದು ಗಂಟೆ ಅವನನ್ನು ಬೈದಳು. ಅಕ್ಕ ಪೂರ್ತಿ ಕೇಳಿಸಿಕೊಂಡು ಹೇಳಿದಳು, "ಮೂರು ತಿಂಗಳಿಂದ ದಿನಾ ಇವನದೇ ಮಾತು ಕಣೇ. ಮದುವೆಗೆ ಮುಂಚೆ ನಿನ್ನ ಭಾವನ ಬಗ್ಗೆ ನಾನು ಇಷ್ಟು ಮಾತಾಡಿರಲಿಲ್ಲ."

"ಅಕ್ಕಾ, ಫೋನ್ ಇಡು."

"ಮಾಡಿದ್ದು ನೀನು, ನೀನೇ ಇಡು."

ಶುಕ್ರವಾರ ಬೆಳಿಗ್ಗೆ ಅವನು ಅವಳ ಮೇಜಿನ ಮುಂದೆ ನಿಂತಿದ್ದ. ಕೈಯಲ್ಲೊಂದು ಪುಟ್ಟ ಡಬ್ಬಿ.

"ಕದ್ದ ಮಾಲು. ವಾಪಸ್ ತಗೊಳ್ಳಿ."

ಒಳಗೆ ಹನ್ನೆರಡನೆಯದಿತ್ತು. ಅವಳೇ ಅಂಟಿಸಿದ ಗಾಜಿನ ಕೆಳಗೆ, ಮೊದಲು ಹಾಲಿನಂತೆ ಬೆಳ್ಳಗಿದ್ದ ರೆಕ್ಕೆಗೆ ಕಿತ್ತಳೆ ಬಣ್ಣ ಬರತೊಡಗಿತ್ತು. ಅವಳು ಮೆಲ್ಲಗೆ ಬೆರಳು ತಾಗಿಸಿದಳು. ಪ್ಯೂಪಾ ಬಾಲ ಅಲ್ಲಾಡಿಸಿತು.

ಬದುಕಿತ್ತು. ನಾಲ್ಕನೇ ದಿನವೂ.

"ಇದಕ್ಕೂ ನೀವೇ ಕಿಟಕಿ ಮಾಡಿದ್ದು. ಅದೇ ಕೈ, ಅದೇ ಬ್ಲೇಡು," ಅವನು ನೆಲ ನೋಡುತ್ತಾ ಹೇಳಿದ. "ನಾನು ಬೆಚ್ಚಗಿಟ್ಟೆ, ಬೆಳಕು ತೋರಿಸಲಿಲ್ಲ, ಅಷ್ಟೇ. ಹಳೇ ಮಿಷಿನ್ನಲ್ಲಿ ನಲವತ್ತು ಅಂದ್ರೆ ಮಂದ ಬೆಳಕು. ಹೊಸದರಲ್ಲಿ ಅದೇ ಅಂಕಿಗೆ ನಾಲ್ಕು ಪಟ್ಟು ಬರುತ್ತೆ. ಅವು ಬೆಂದು ಸತ್ತವು. ನಿಮ್ಮ ಕೈಯಿಂದಲ್ಲ."

ಅವಳಿಗೆ ಅಳು ಬರಬೇಕಿತ್ತು. ಬಂದಿದ್ದು ಕೋಪ, ನಿನ್ನೆಯದಕ್ಕಿಂತ ಹೆಚ್ಚು.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ಬರೆದಿದ್ದೆ. ನೀವು ಗೀಟು ಹಾಕಿದ್ರಿ."

"ಕಡಿಮೆ ಮಾಡಿ ಅಂತ ಬರೆದ್ರಿ. ಯಾಕೆ ಅಂತ ಒಂದು ಸಲನಾದ್ರೂ ಬರೆದ್ರಾ? ನಾನೂ ಕೇಳಲಿಲ್ಲ, ಸರಿ... ನಿನ್ನೆಯಾದ್ರೂ ಹೇಳಬಹುದಿತ್ತಲ್ಲ. ಬಾಯಲ್ಲಿ ಏನಿತ್ತು?"

"ಸ್ಕ್ರೂಡ್ರೈವರ್," ಎಂದ ಅವನು.

ನಗು ಬಂದುಬಿಡುತ್ತದೆ ಎಂಬ ಭಯಕ್ಕೆ ಅವಳು ಡಬ್ಬಿ ಎತ್ತಿಕೊಂಡು ದಡದಡನೆ ಮೆಟ್ಟಿಲು ಹತ್ತಿದಳು.

"ನಲವತ್ತು ನಾನು ಇಪ್ಪತ್ತು ವರ್ಷದಿಂದ ಇಡ್ತಿದೀನಿ," ಎಂದರು ಪ್ರೊಫೆಸರ್.

"ಹಳೇ ಮಿಷಿನ್ನಲ್ಲಿ ಇಡ್ತಿದ್ರಿ. ನೀವು ಹೇಳಿದ್ರಿ ಅಂತ ನಾನು ಕಣ್ಣು ಮುಚ್ಕೊಂಡು ಹೊಸದರಲ್ಲೂ ಇಟ್ಟೆ. ಅವರು ಬೇಡ ಅಂತ ಬರೆದ್ರೂ ಕೇಳಲಿಲ್ಲ. ತಪ್ಪು ನಮ್ಮಿಬ್ಬರದ್ದು, ಹೋಗ್ತಿರೋದು ಅವರ ಕೆಲಸ. ಇದು ಯಾವ ನ್ಯಾಯ?"

ಪ್ರೊಫೆಸರ್ ಮುಖ ಗಂಟಾಯಿತು. "ನಿನ್ನ ಕೆಲಸವೇ ಇನ್ನೂ ಉಳಿದಿಲ್ಲ. ಗೊತ್ತಿದೆ ತಾನೇ?"

"ಗೊತ್ತಿದೆ. ಬೇರೆಯವರಿಗೆ ಕೊಡೋದಾದ್ರೆ ಕೊಡಿ. ಆದರೆ ನನ್ನ ದೂರನ್ನ ಹರಿದು ಹಾಕದೆ ಇಲ್ಲಿಂದ ಏಳಲ್ಲ."

ಅವರು ಡಬ್ಬಿ ಎಳೆದುಕೊಂಡು ಭೂತಗನ್ನಡಿಯಲ್ಲಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಡ್ರಾಯರ್ ತೆರೆದು ದೂರಿನ ಹಾಳೆ ತೆಗೆದು ಹರಿದರು.

"ಕಿಟಕಿ ಚೆನ್ನಾಗಿ ಮಾಡಿದೀಯ," ಎಂದರು, ಅವಳತ್ತ ನೋಡದೆ. "ಸೋಮವಾರದಿಂದ ಹೊಸ ಹುಳ ಸಾಕೋಕೆ ಶುರು ಮಾಡು. ಕೈ ಭಾರ ಅಂದಿದ್ದು... ಅನ್ನಬಾರದಿತ್ತು. ಅವನೂ ಇರಲಿ."

ಅವಳು ಕೆಳಗಿಳಿದಾಗ ಅವನು ಚೀಲಕ್ಕೆ ತನ್ನ ಸಾಮಾನು ತುಂಬುತ್ತಿದ್ದ. ಅವಳು ಚೀಲ ಕಿತ್ತುಕೊಂಡು ಮೇಜಿನ ಮೇಲೆ ಸುರಿದಳು.

"ಎಲ್ಲೂ ಹೋಗೋ ಹಾಗಿಲ್ಲ. ಬೆಳಕು ಎಷ್ಟಕ್ಕೆ ಇಡಬೇಕು, ಇಟ್ಟು ತೋರಿಸಿ."

ಅವನು ಹನ್ನೆರಡನೆಯದನ್ನು ಮಿಷಿನ್ ಕೆಳಗಿಟ್ಟು, ಬೆಳಕನ್ನು ಎಂಟಕ್ಕೆ ಇಳಿಸಿ, ಅರ್ಧ ಗಂಟೆಗೊಂದು ಫೋಟೋ ಬರುವಂತೆ ಮಾಡಿದ. ಪರದೆಯ ಮೇಲೆ ಹುರುಪೆಗಳು ಮಸುಕಾಗಿ ಕಂಡವು, ಸಾಲು ಸಾಲಾಗಿ, ಮನೆಯ ಹೆಂಚು ಜೋಡಿಸಿದ ಹಾಗೆ.

"ಯಾಕೆ ಕದ್ರಿ, ನಿಜ ಹೇಳಿ. ಮಿಷಿನ್‌ಗೋಸ್ಕರವಾ?"

"ಅಲ್ಲ." ಅವನ ಕಿವಿ ಕೆಂಪಾಯಿತು. "ಪ್ರತಿ ಸಲ ಒಂದು ಸತ್ತಾಗಲೂ ನೀವು ಸಂಜೆ ಹಿಂದಿನ ಮೆಟ್ಟಿಲ ಮೇಲೆ ಕೂತು, ಭಾರ ಭಾರ ಅಂತ ನಿಮ್ಮ ಕೈನೇ ಬೈಕೊಳ್ತೀರಿ. ಈ ಗೋಡೆ ತೆಳು, ನಂಗೆ ಕೇಳಿಸುತ್ತೆ. ಪ್ಯೂಪಾ ಸತ್ರೆ ಇನ್ನೊಂದು ಸಿಗುತ್ತೆ ಅನ್ಕೊಂಡಿದ್ದೆ... ನಿಮ್ಮ ಆ ದನಿ ಕೇಳೋಕೆ ಮಾತ್ರ ಆಗ್ತಿರಲಿಲ್ಲ. ಯಾವಾಗಿಂದ ಅಂತ ಗೊತ್ತಿಲ್ಲ, ನೀವು ಅಂದ್ರೆ ನಂಗಿಷ್ಟ."

ಮೂರು ತಿಂಗಳು ಹುಡುಕಿ ಹುಡುಕಿ ಬೈದ ಮನುಷ್ಯ... ಬೈಯುವ ನೆಪದಲ್ಲಿ ದಿನವಿಡೀ ನೆನೆದ ಮನುಷ್ಯ.

"ನಂಗೆ ಇನ್ನೂ ಕೋಪ ಇದೆ," ಎಂದಳು.

"ಇರಲಿ."

"ತುಂಬಾ ಇದೆ."

"ಎಷ್ಟು ದಿನ ಇರುತ್ತೆ?"

"ಹೇಳೋಕಾಗಲ್ಲ. ಬಹಳ ವರ್ಷ ಇರಬಹುದು." ಅವಳು ಇನ್ನೊಂದು ಕುರ್ಚಿ ಎಳೆದು ಅವನ ಪಕ್ಕಕ್ಕೆ ಹಾಕಿ ಕೂತಳು. "ನಿಮಗೆ ಅಡ್ಡಿ ಇಲ್ಲ ತಾನೇ?"

"ಇಲ್ಲ," ಎಂದು ಅವನು ಅವಳ ಕೈ ಹಿಡಿದುಕೊಂಡ. ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ ಹೇಳಿದ, "ಭಾರವೇನೂ ಇಲ್ಲವಲ್ಲ."